ಮೂರನೆಯ ‘ಬ್ಯಾಡ’

ಬೆಳಗಿನ ಬಿಸಿಲು ಕಿಟಕಿ ದಾಟಿ ಮಂಚದ ಕಾಲು ಮುಟ್ಟುವ ಹೊತ್ತಿಗೆ ‘ಒತ್ತಾಸೆ’ ಕೆಲಸಕ್ಕೆ ಇಳಿಯುತ್ತಿತ್ತು. ಇಳಿಯುತ್ತಿತ್ತು ಅಂದರೆ ಬರೀ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಮೇಲಿನಿಂದ ಇಳಿಯುತ್ತಿತ್ತು. ಸೂರಿಗೆ ಕೂರಿಸಿದ ಹಳಿಯ ಮೇಲೆ ಸದ್ದಿಲ್ಲದೆ ಸರಿದು ಬಂದು, ಎರಡು ಉದ್ದನೆಯ ಕೈಗಳನ್ನು ಚಾಚಿ, ಒಂದನ್ನು ಮಹಾನಂದಕ್ಕನ ಬೆನ್ನಿನ ಅಡಿಗೂ ಇನ್ನೊಂದನ್ನು ಮೊಣಕಾಲಿನ ಅಡಿಗೂ ಮೆಲ್ಲನೆ ತೂರಿಸಿ, ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತುತ್ತಿತ್ತು. ಅದರ ಬೆರಳುಗಳಲ್ಲಿ ಕಬ್ಬಿಣವಿಲ್ಲ. ಎಲ್ಲ ಮೆದು ರಬ್ಬರಿನ ಕೊಳವೆಗಳು. ಗಾಳಿ ತುಂಬಿದರೆ ಬಿಗಿಯುತ್ತವೆ, ಬಿಟ್ಟರೆ ಸಡಿಲುತ್ತವೆ. ಅವುಗಳ ಮೇಲೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ. ಮುಟ್ಟಿದ ಮೈ ಎಷ್ಟು ಬೆಚ್ಚಗಿದೆ, ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದನ್ನೆಲ್ಲ ಆ ಪೊರೆ ಅಳೆದು ಯಂತ್ರದ ಮಿದುಳಿಗೆ ತಿಳಿಸುತ್ತಿತ್ತು.

“ತಮ್ಮನ್ನು ಎಡಮಗ್ಗುಲಿಗೆ ಹೊರಳಿಸಲೇ?” ಎಂದು ಒತ್ತಾಸೆ ಕೇಳಿತು.

“ಹೊರಳಸವಾ, ಹೊರಳಸು. ತಮ್ಮನ್ನು ಅಂತ, ತಮ್ಮನ್ನು! ರೇಡಿಯೋದಾಗ ವಾರ್ತಾ ಓದೋರಂಗ ಮಾತಾಡ್ತೈತಿ ನೋಡು” ಎಂದರು ಮಹಾನಂದಕ್ಕ. ಲಕ್ವಾ ಹೊಡೆದು ಬಲಗಡೆ ಸತ್ತಂತಾಗಿತ್ತು, ಮಾತು ಕೊಂಚ ತೊದಲುತ್ತಿತ್ತು. ಆದರೆ ನಾಲಗೆಯ ಚುರುಕು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಡಾ. ಅಪೇಕ್ಷಾ ಹಂಚಿನಮನಿ ನಕ್ಕಳು. ಒತ್ತಾಸೆಯನ್ನು ಕಂಡುಹಿಡಿದವಳು ಇವಳೇ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೂದಲು ನರೆಯುವ ತನಕ ಕೂತು ಕಟ್ಟಿದ ಯಂತ್ರ ಅದು. ಈಗ, ಶತಮಾನದ ಅರವತ್ತರ ದಶಕದಲ್ಲಿ, ನಾಡಿನಲ್ಲಿ ಮುದುಕರೇ ಹೆಚ್ಚು, ನೋಡಿಕೊಳ್ಳುವವರೇ ಕಮ್ಮಿ. ಮನೆಮನೆಗೂ ಒಂದು ಒತ್ತಾಸೆ ಕೊಡಬೇಕೇ ಎಂದು ಸರ್ಕಾರ ಯೋಚಿಸುತ್ತಿತ್ತು. ಅದಕ್ಕೆ ಮುಂಚೆ ಕೆಲವು ಊರುಗಳ ಕೆಲವು ಮನೆಗಳಲ್ಲಿ ಪರೀಕ್ಷೆ. ಹಳೇ ಹುಬ್ಬಳ್ಳಿಯ ಈ ಮನೆ ಅವುಗಳಲ್ಲಿ ಒಂದು.

ಯಂತ್ರವನ್ನು ಕೂರಿಸಲು ಬಂದ ಮೊದಲ ದಿನವೇ ಅಪೇಕ್ಷಾ ಅಡುಗೆಮನೆಯ ಗೋಡೆ ನೋಡಿ ನಿಂತುಬಿಟ್ಟಿದ್ದಳು. ಅಲ್ಲಿ ಬಣ್ಣ ಎದ್ದುಹೋದ ಒಂದು ತಗಡಿನ ಬೋರ್ಡು ಒರಗಿಸಿತ್ತು: ಮಹಾನಂದಾ ಖಾನಾವಳಿ. ಅಯ್ಯೋ, ಆ ಬೋರ್ಡಿನ ಕೆಳಗೆ ಅವಳು ಎಷ್ಟು ಸಲ ಚಪ್ಪಲಿ ಬಿಟ್ಟಿದ್ದಳೋ! ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನ ಊಟ ಬಿಟ್ಟು ಅವಳು ಮತ್ತು ಗೆಳತಿಯರು ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಓಡಿ ಬರುತ್ತಿದ್ದರು. ರೊಟ್ಟಿ ಬಡಿಯುವ ಸದ್ದು ಓಣಿಯ ತಿರುವಿನಲ್ಲೇ ಕೇಳುತ್ತಿತ್ತು. ಎಣ್ಣೆಗಾಯಿ ಪಲ್ಯದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಸಾಲಿನುದ್ದಕ್ಕೂ ಓಡಾಡುತ್ತಿದ್ದ ಮಹಾನಂದಕ್ಕ, ಬೇಡವೆಂದವರ ತಾಟಿಗೂ ರೊಟ್ಟಿ ಹಾಕದೆ ಮುಂದೆ ಹೋದವರಲ್ಲ.

ಆ ಮಹಾನಂದಕ್ಕ ಈಗ ಒಣಗಿ ಹಿಡಿಯಷ್ಟಾಗಿ ಮಂಚ ಹಿಡಿದಿದ್ದರು. “ಸಾವಿರಾರು ಮಂದಿ ಉಂಡ್ರವಾ, ಯಾರ ಮಾರಿ ಅಂತ ನೆನಪಿಡ್ಲಿ?” ಎಂದಿದ್ದರು ಅಪೇಕ್ಷಾ ತನ್ನ ಗುರುತು ಹೇಳಿದಾಗ. ಅವಳಿಗೆ ಕೊಂಚ ಬೇಸರವೇ ಆಗಿತ್ತು.

ಮೈತೊಳೆಯುವುದು ಮುಗಿದು ತಿನ್ನಿಸುವ ಹೊತ್ತು ಬಂತು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಎಣ್ಣೆ ಹಾಕಿ ಮೆತ್ತಗೆ ನಾದಿದ ಮುಟಗಿಯನ್ನು ಮಗ ಪ್ರಜ್ವಲ ಬೆಳಿಗ್ಗೆಯೇ ಮಾಡಿಟ್ಟು ಕೆಲಸಕ್ಕೆ ಹೋಗಿದ್ದ. ಒತ್ತಾಸೆ ಚಮಚೆಯಲ್ಲಿ ಒಂದು ತುತ್ತು ಕೊಟ್ಟಿತು. ಕೊರಳಿಗೆ ಕಟ್ಟಿದ ಪಟ್ಟಿ ಗಂಟಲಿನ ಅಲುಗಾಟವನ್ನು ನೋಡಿ, ತುತ್ತು ಸರಿಯಾಗಿ ಇಳಿಯಿತೆಂದು ತಿಳಿಸಿತು. ಹೀಗೆ ಇನ್ನೊಂದೆರಡು ತುತ್ತು ಹೋದವು.

“ಇನ್ನೊಂದು ತುತ್ತು ಕೊಡಲೇ?”

“ಬ್ಯಾಡ.”

ಚಮಚೆ ಕೆಳಗಿಳಿಯಿತು. ಮುಕ್ಕಾಲು ತುಂಬಿದ ಬಟ್ಟಲನ್ನು ಒತ್ತಾಸೆ ಅಡುಗೆಮನೆಗೆ ಒಯ್ದಿತು. ಮಹಾನಂದಕ್ಕ ಆ ಬಟ್ಟಲು ಹೋದ ದಿಕ್ಕನ್ನೇ ನೋಡುತ್ತ ಮಲಗಿದರು. ಅಪೇಕ್ಷಾ ಅದನ್ನು ಕಂಡಳು, ಆದರೆ ಅದರ ಅರ್ಥ ಅವಳಿಗೆ ಹೊಳೆಯಲಿಲ್ಲ.

ಬೇಡ ಅಂದ ಕೂಡಲೇ ಕೈ ಹಿಂದೆ ತೆಗೆಯುವ ಈ ನಿಯಮದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಒತ್ತಾಸೆಗಿಂತ ಮೊದಲು ಬಂದ ಯಂತ್ರಗಳಿಗೆ ಬೇಕು ಬೇಡ ಗೊತ್ತಿರಲಿಲ್ಲ. ಅಂಥದೊಂದು ಯಂತ್ರ ಆರೈಕೆ ಕೇಂದ್ರದಲ್ಲಿ ಅವಳ ಸ್ವಂತ ಅಜ್ಜಿಯ ಬಾಯಿಗೆ ಗಂಜಿ ತುರುಕಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಅಜ್ಜಿಯ ಕಣ್ಣಂಚಿನಿಂದ ಇಳಿದ ನೀರನ್ನು ಅವಳು ಮರೆತಿರಲಿಲ್ಲ. ಅದಕ್ಕೇ ತನ್ನ ಯಂತ್ರಕ್ಕೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಈ ಒಂದು ಮಾತು: ಬೇಡ ಅಂದರೆ ಬೇಡ. ಯಂತ್ರ ತಾನು ನಿಲ್ಲುವುದಷ್ಟೇ ಅಲ್ಲ, ರೋಗಿಯ ಕೋಣೆಯಲ್ಲಿ ಮತ್ತ್ಯಾರಾದರೂ ಬೇಡವೆಂದವರಿಗೆ ಬಲವಂತ ಮಾಡಿದರೂ ಅಡ್ಡ ಬರಬೇಕು.

ಇಷ್ಟೆಲ್ಲ ಸರಿಯಿದ್ದೂ ಮಹಾನಂದಕ್ಕ ಸೊರಗುತ್ತಿದ್ದರು. ವಾರ ವಾರಕ್ಕೂ ತೂಕ ಇಳಿಯುತ್ತಿತ್ತು. ರಕ್ತ, ಹೊಟ್ಟೆ, ಗಂಟಲು ಎಲ್ಲ ನೋಡಿದ ಡಾಕ್ಟರಿಗೆ ಯಾವ ಕಾರಣವೂ ಸಿಗಲಿಲ್ಲ. ಕೊನೆಗೆ ಅವರು ಪ್ರಜ್ವಲನನ್ನು ಹೊರಗೆ ಕರೆದು, ಹೀಗೇ ಇಳಿದರೆ ಮನೆಯಲ್ಲಿ ಇಟ್ಟುಕೊಳ್ಳಲಾಗದು, ಆರೈಕೆ ಕೇಂದ್ರಕ್ಕೆ ಸೇರಿಸಿ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದರು. ಗೋಡೆಯ ಈಚೆಗಿದ್ದ ಮಹಾನಂದಕ್ಕನಿಗೆ ಅದು ಕೇಳಿಸಿತು.

“ನನ್ನ ಒಯ್ಯಬ್ಯಾಡ್ರೋ” ಎಂದರು ಅವರು, ಮಗನ ಅಂಗಿ ಹಿಡಿದುಕೊಂಡು. “ರೊಟ್ಟಿ ವಾಸನಿ ಬರೂ ಮನ್ಯಾಗ ಸಾಯ್ತೀನಿ. ಅಲ್ಲಿ ಔಷಧ ವಾಸನಿಯೊಳಗ ನನಗ ಬ್ಯಾಡ.”

ಈ ‘ಬ್ಯಾಡ’ದ ಬಗ್ಗೆ ಮಾತ್ರ ಯಾರಿಗೂ ಸಂಶಯವಿರಲಿಲ್ಲ.

ಪ್ರಜ್ವಲ ಬಸ್ಸು ಓಡಿಸುವವನು. ತಾಯಿಗೆ ಲಕ್ವಾ ಹೊಡೆದಾಗ ಕೆಲಸ ಬಿಟ್ಟು ಮನೆಯಲ್ಲಿ ಉಳಿದಿದ್ದ. ಯಾರಾದರೂ ಈಗ ಏನು ಮಾಡುತ್ತೀ ಎಂದು ಕೇಳಿದರೆ, “ಏನಿಲ್ರಿ, ಸುಮ್ನ ಮನ್ಯಾಗ ಅದೀನಿ” ಎನ್ನುತ್ತಿದ್ದ. ಎತ್ತಿ ಕೂರಿಸುವುದು, ತೊಳೆಯುವುದು, ತಿನ್ನಿಸುವುದು, ಹುಣ್ಣಾಗದಂತೆ ಹೊರಳಿಸುವುದು, ಇವೆಲ್ಲ ಆ ‘ಸುಮ್ನ’ದೊಳಗೇ ಸೇರಿದ್ದವು. ಬೆನ್ನು ಬಿದ್ದುಹೋಯಿತು. ಮದುವೆಯ ಮಾತು ತಾನಾಗಿಯೇ ನಿಂತುಹೋಯಿತು. ಒತ್ತಾಸೆ ಬಂದ ಮೇಲೆ ಅವನು ಮತ್ತೆ ಬಸ್ಸು ಹತ್ತಿದ್ದ. ಸಂಜೆ ಬಂದು ಕೇಳಿದರೆ ಯಂತ್ರ, “ಇನ್ನು ಬೇಡ ಎಂದರು” ಅನ್ನುತ್ತಿತ್ತು. ಅವ್ವನ ಹಸಿವು ಸತ್ತಿದೆ ಎಂದು ಅವನು ಒಳಗೊಳಗೇ ಕೊರಗುತ್ತಿದ್ದ.

ಅವನ ರಜೆಯ ದಿನ ಅಪೇಕ್ಷಾ ಮತ್ತೆ ಬಂದಳು. ಯಂತ್ರವನ್ನು ಬಿಚ್ಚಿ, ಜೋಡಿಸಿ, ಒರೆಸಿ ನೋಡಿದ್ದಾಯಿತು. ತಪ್ಪು ಸಿಗಲಿಲ್ಲ. ಮಧ್ಯಾಹ್ನವಾಯಿತು. “ಉಂಡ ಹೋಗ್ರಿ” ಎಂದು ಪ್ರಜ್ವಲ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ತಾಟು ಇಟ್ಟ. ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾಚಟ್ನಿ, ಗಟ್ಟಿ ಮೊಸರು. ಮೊದಲ ತುತ್ತಿಗೇ ಅವಳಿಗೆ ಓಣಿ, ತಗಡಿನ ಬೋರ್ಡು, ಗೆಳತಿಯರ ನಗು ಎಲ್ಲ ನೆನಪಾಯಿತು. ಅದೇ ರುಚಿ. ಮಗನ ಕೈಗೆ ತಾಯಿಯ ಕೈ ಬಂದಿತ್ತು.

ಎರಡು ರೊಟ್ಟಿ ಮುಗಿದವು. ಪ್ರಜ್ವಲ ಇನ್ನೊಂದು ತಂದ.

“ಬ್ಯಾಡ ಬ್ಯಾಡ, ಭಾಳ ಆತು” ಎಂದಳು ಅಪೇಕ್ಷಾ, ತಾಟಿನ ಮೇಲೆ ಕೈ ಅಡ್ಡ ಹಿಡಿದು. ಹಿಡಿದ ಕೈಬೆರಳುಗಳ ನಡುವೆ ರೊಟ್ಟಿ ಬೀಳುವಷ್ಟು ಸಂದು ಬಿಟ್ಟುಕೊಂಡೇ ಹಿಡಿದಿದ್ದಳು ಅನ್ನಿ.

“ಏ, ತಗೋರಿ, ಬಿಸಿ ಐತಿ” ಎಂದು ಪ್ರಜ್ವಲ ಬಗ್ಗಿದ.

ಮೇಲಿನಿಂದ ಸರ್ರನೆ ಒಂದು ರಬ್ಬರ್ ಕೈ ಇಳಿದು ಬಂದು ರೊಟ್ಟಿಗೂ ತಾಟಿಗೂ ನಡುವೆ ಅಡ್ಡ ನಿಂತಿತು. “ಅತಿಥಿಗಳು ಬೇಡ ಎಂದಿದ್ದಾರೆ. ದಯವಿಟ್ಟು ಬಲವಂತ ಮಾಡಬೇಡಿ.”

ಪ್ರಜ್ವಲ ರೊಟ್ಟಿ ಹಿಡಿದು ಬೆಪ್ಪಾಗಿ ನಿಂತಿದ್ದ. ಅಪೇಕ್ಷಾ ಆಸೆಗಣ್ಣಿನಿಂದ ರೊಟ್ಟಿಯನ್ನೇ ನೋಡುತ್ತಿದ್ದಳು. ಆಗ ಮಂಚದ ಮೇಲಿಂದ ಎಂಥದೋ ಸದ್ದು ಬಂತು. ಮಹಾನಂದಕ್ಕ ನಗುತ್ತಿದ್ದರು. ಅರ್ಧ ಮುಖವಷ್ಟೇ ಅಲುಗುತ್ತಿದ್ದರೂ ಹೊಟ್ಟೆ ಕುಣಿಯುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

“ಅಯ್ಯ ಶಿವನ! ನಿಂಗೂ ಹಂಗ ಮಾಡ್ತೇನವಾ ಇದು? ಇಷ್ಟ್ ದಿನ ನನ್ನ ಹಿಂಗ ಉಪಾಸ ಕೆಡವೈತಿ!”

ಅಪೇಕ್ಷಾ ತಾಟಿನ ಮೇಲಿದ್ದ ಕೈ ತೆಗೆದು ಮಂಚದ ಕಡೆ ತಿರುಗಿದಳು. “ಅಕ್ಕಾರ, ಹಂಗಾರ ನೀವು ಬ್ಯಾಡ ಅಂದದ್ದು…”

“ಒಮ್ಮಿಗೇ ಹೂಂ ಅಂತಾರೇನ ಯಾರರ? ಹೊಟ್ಟಿಬಾಕಿ ಅನ್ನೂದಿಲ್ಲೇನ ಮಂದಿ? ಒಂದ್ಸಲ ಬ್ಯಾಡ ಅಂದೆ, ಹೋತು. ಮರುದಿನ ಅಂದೆ, ಹೋತು. ಒಮ್ಮೆರ ‘ಏ ತಗೋರಿ’ ಅಂದೀತು ಅಂತ ನೋಡೇ ನೋಡಿದೆ.”

“ಹಸಿವಿ ಆಗೇತಿ ಅಂತ ನನಗರ ಹೇಳಬೇಕಿಲ್ಲೇನವ್ವಾ!” ಪ್ರಜ್ವಲನ ದನಿ ಅಳುವಿಗೆ ಬಂದಿತ್ತು.

“ಹೇಳಿ ಕೇಳಿ ಉಣ್ಣೂದು ಒಂದು ಊಟೇನೋ? ಕೇಳೋರು ಕೇಳಬೇಕು, ನಾವು ಬ್ಯಾಡ ಅನ್ನಬೇಕು, ಅವರು ಹಾಕಬೇಕು.”

ಪ್ರಜ್ವಲ ಅಲ್ಲೇ ನೆಲಕ್ಕೆ ಕುಳಿತ. “ಮೊದಲ ನಾ ತಿನ್ನಸ್ತಿದ್ದಾಗ ಇಕಿ ದಿನಾ ಬ್ಯಾಡ ಅಂತಿದ್ಲು ನೋಡ್ರಿ. ನಾ ಕಿವಿಮ್ಯಾಲೇ ಹಾಕ್ಕೋತಿರಲಿಲ್ಲ, ಬಾಯಿಗೆ ಹಿಡೀತಿದ್ದೆ. ಅದು ಲೆಕ್ಕಕ್ಕಿಲ್ಲದ ಬ್ಯಾಡ ಅಂತ ನನಗೂ ಹೊಳೀಲಿಲ್ಲಲ್ರೀ!”

ಉಪಚಾರ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ರೋಗಿಗೆ ಮಾಡುವ ಆರೈಕೆಯೂ ಉಪಚಾರ, ಉಣ್ಣುವವರಿಗೆ ಮಾಡುವ ಒತ್ತಾಯವೂ ಉಪಚಾರ. ಈ ಊರಲ್ಲೇ ಉಂಡು ಓದಿದ ಅಪೇಕ್ಷಾ ಮೊದಲನೆಯದನ್ನು ಯಂತ್ರಕ್ಕೆ ಕಲಿಸುವ ಭರದಲ್ಲಿ ಎರಡನೆಯದನ್ನು ಮರೆತೇಬಿಟ್ಟಿದ್ದಳು. ಅವಳು ನಾಲಗೆ ಕಚ್ಚಿಕೊಂಡಳು. ಆಮೇಲೆ ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ಆ ರೊಟ್ಟಿಯನ್ನು ಹಾಕಿಸಿಕೊಂಡು ಉಂಡಳು.

ಅವತ್ತು ಸಂಜೆಯೇ ಒತ್ತಾಸೆಗೆ ಹೊಸ ಪಾಠವಾಯಿತು. ಮೊದಲ ‘ಬ್ಯಾಡ’ಕ್ಕೆ ನಿಲ್ಲಬೇಡ, ಎರಡನೆಯದಕ್ಕೂ ನಿಲ್ಲಬೇಡ, ಮೂರನೆಯದಕ್ಕೆ ನಿಲ್ಲು. ಮೊದಮೊದಲು ಎಲ್ಲ ಸೊಗಸಾಗಿಯೇ ನಡೆಯಿತು. ಬಟ್ಟಲು ಖಾಲಿಯಾಗತೊಡಗಿತು, ಮಹಾನಂದಕ್ಕನ ಕೆನ್ನೆಗೆ ಕಳೆ ಬಂತು. ಅಪೇಕ್ಷಾ ಗೆದ್ದೆ ಅಂದುಕೊಂಡಳು.

ಆದರೆ ಮುಂದಿನ ಸಲ ಬಂದಾಗ ಮಹಾನಂದಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಿಂದಿನ ದಿನ ಅವರಿಗೆ ಹೊಟ್ಟೆ ಕೆಟ್ಟಿತ್ತು. ಬ್ಯಾಡ ಅಂದರು. ಯಂತ್ರ, “ಹಾಗೆನ್ನಬೇಡಿ, ಸ್ವಲ್ಪ ತೆಗೆದುಕೊಳ್ಳಿ” ಎಂದು ಬಾಯಿಗೆ ಹಿಡಿಯಿತು. ಮತ್ತೆ ಬ್ಯಾಡ ಅಂದರು, ಮತ್ತೆ ಹಿಡಿಯಿತು. ಕೊನೆಗೆ ವಾಂತಿಯಾಗಿ ಸೀರೆಯೆಲ್ಲ ಹೊಲಸಾಗಿ, ಅದೇ ಯಂತ್ರ ಬೆಣ್ಣೆಯಂಥ ಕೈಯಿಂದ ಅದನ್ನು ಒರೆಸಿತ್ತು.

“ನನ್ನ ಮಾತಿಗೆ ಏನೂ ಕಿಮ್ಮತ್ತಿಲ್ಲೇನ ತಂಗಿ?” ಎಂದು ಕೇಳಿದರು ಅವರು. ಅಪೇಕ್ಷಾಳಿಗೆ ಅಜ್ಜಿಯ ಕಣ್ಣು ನೆನಪಾಯಿತು. ನಾಚಿಕೆಯಿಂದ ಅವಳಿಗೆ ಭೂಮಿಗೆ ಇಳಿದುಹೋದಂತಾಯಿತು.

“ಖರೇ ಬ್ಯಾಡ ಯಾವುದು, ಉಪಚಾರದ ಬ್ಯಾಡ ಯಾವುದು, ನಿಮಗ ಹೆಂಗ ಗೊತ್ತಾಗ್ತೈತಿ?” ಎಂದು ಅವಳು ಪ್ರಜ್ವಲನನ್ನು ಕೇಳಿದಳು.

ಅವನು ತಲೆ ಕೆರೆದುಕೊಂಡ. “ಖರೇ ಇದ್ರ ಮಾರಿ ತಿರವ್ತಾಳ್ರಿ. ಆದ್ರ ಸಿಟ್ಟು ಬಂದ್ರೂ ತಿರವ್ತಾಳ. ಹಿಂದಿನ ರಾತ್ರಿ ಏನ ಉಂಡಿದ್ಲು, ನಿದ್ದಿ ಬಂದಿತ್ತೋ ಇಲ್ಲೋ, ಯಾರ ಮ್ಯಾಲರ ಮುನಿಸಿಕೊಂಡಾಳೋ, ಎಲ್ಲಾ ನೋಡಬೇಕಾಗ್ತೈತಿ. ನನಗೂ ಒಮ್ಮೊಮ್ಮೆ ತಪ್ಪತೈತ್ರಿ. ತಪ್ಪಿದ್ರ ಬೈತಾಳ, ಬೈಸ್ಕೋತೀನಿ.”

ಅಪೇಕ್ಷಾ ಅಂದು ಬಹಳ ಹೊತ್ತು ಆ ಸ್ಟೂಲಿನ ಮೇಲೆ ಕುಳಿತಳು. ಇನ್ನಷ್ಟು ಕಲಿಸಬಹುದು, ಮುಖದ ಸ್ನಾಯು ಓದಿಸಬಹುದು, ದನಿಯ ಏರಿಳಿತ ಅಳೆಸಬಹುದು. ಆದರೆ ತಪ್ಪಿದಾಗ ಬೈಸಿಕೊಳ್ಳುವುದನ್ನು ಕಲಿಸುವುದು ಹೇಗೆ? ರಬ್ಬರ್ ಕೈಗೆ ಬೈದರೆ ಮಹಾನಂದಕ್ಕನ ಸಿಟ್ಟು ಇಳಿಯುವುದೂ ಇಲ್ಲ. ಎತ್ತುವುದು, ಹೊರಳಿಸುವುದು, ತೊಳೆಯುವುದು, ಬೆನ್ನು ಮುರಿಯುವ ಆ ಕೆಲಸಗಳಿಗೆ ಒತ್ತಾಸೆ ಇರಲಿ. ತುತ್ತು ಮಾತ್ರ ಮನುಷ್ಯನ ಕೈಗೆ ವಾಪಸು ಹೋಗಬೇಕು.

ಹೇಳುವುದು ಸುಲಭ. ತುತ್ತು ಪ್ರಜ್ವಲನ ಕೈಗೆ ಬಂದರೆ ಸ್ಟಿಯರಿಂಗ್ ಅವನ ಕೈ ತಪ್ಪುತ್ತದೆ. ಮನೆ ನಡೆಯಬೇಕಲ್ಲ! ಅತ್ತ ಸರ್ಕಾರದ ಯೋಜನೆ ಬಹುಮಟ್ಟಿಗೆ ತಯಾರಾಗಿತ್ತು: ಮನೆಗೊಂದು ಯಂತ್ರ, ಮನೆಯವರಿಗೆ ಬಿಡುಗಡೆ. ಯಂತ್ರ ಒಂದೇ ಸಾಲದು, ಜೊತೆಗೆ ನೋಡಿಕೊಳ್ಳುವವರಿಗೆ ಸಂಬಳ ಕೊಡಿ, ಅವರ ನೌಕರಿ ಹೋಗದಂತೆ ಕಾಯಿರಿ, ಅವರು ದಣಿದಾಗ ಬದಲಿಗೆ ಒಬ್ಬರನ್ನು ಕಳಿಸಿ ಎಂದು ಹೇಳಿದರೆ ತನ್ನ ಯಂತ್ರ ಅರೆಬರೆ ಎಂದು ತಾನೇ ಒಪ್ಪಿಕೊಂಡಂತೆ. ಅಪೇಕ್ಷಾ ಒಂದು ದಿನ ಒದ್ದಾಡಿದಳು. ಮರುದಿನ, ಯೋಜನೆ ರೂಪಿಸುತ್ತಿದ್ದ ಸರ್ಕಾರದ ಸಮಿತಿಗೆ ಅದನ್ನೇ ಹೇಳಿದಳು.

ಸಮಿತಿಯಿಂದ ತನುಷ್ ಎಂಬ ಅಧಿಕಾರಿ ತಾವೇ ನೋಡಲು ಬಂದರು. ಮೈಸೂರು ಕಡೆಯವರು. ಕೆಟ್ಟವರೇನಲ್ಲ, ಆತುರದವರು. ಒತ್ತಾಸೆ ಮಹಾನಂದಕ್ಕನನ್ನು ಎತ್ತಿ ಕೂರಿಸಿದ್ದು, ರಜೆ ಹಾಕಿ ಮನೆಯಲ್ಲಿದ್ದ ಪ್ರಜ್ವಲ ತುತ್ತು ಕೊಟ್ಟದ್ದು ಎಲ್ಲ ನೋಡಿದರು.

“ಚೆನ್ನಾಗೇ ನಡೀತಿದೆಯಲ್ಲ ಡಾಕ್ಟ್ರೇ,” ಎಂದರು ಅಪೇಕ್ಷಾಳಿಗೆ. “ಇವರಿಗೆ ಇನ್ನೇನು ಬೇಕು? ಇರಿ, ಅವರನ್ನೇ ಕೇಳೋಣ. ಏನಪ್ಪ ಪ್ರಜ್ವಲ್, ಸರ್ಕಾರದಿಂದ ನಿಮಗೇನಾದ್ರೂ ಸಹಾಯ ಬೇಕಾ?”

“ಏನೂ ಬ್ಯಾಡ್ರಿ ಸರ.”

“ನೋಡಿ, ಬೇಡ್ವಂತೆ” ಎಂದು ತನುಷ್ ಎದ್ದರು.

ಅಪೇಕ್ಷಾ ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿಂದ ಮಹಾನಂದಕ್ಕನ ತೊದಲು ದನಿ, ಒಂದು ಕಾಲಕ್ಕೆ ಸಾಲಿನ ಕೊನೆಯವರೆಗೂ ಕೇಳುತ್ತಿದ್ದ ದನಿ, ಖಡಕ್ಕಾಗಿ ಬಂತು.

“ಕುಂಡ್ರಿ ಸಾಹೇಬ್ರ. ಇನ್ನೊಮ್ಮೆ ಕೇಳ್ರಿ.”

ತನುಷ್ ಕುಳಿತರು. ಆ ದನಿ ಮೀರಿ ಎದ್ದು ಹೋದವರು ಹುಬ್ಬಳ್ಳಿಯಲ್ಲಿ ಯಾರೂ ಇರಲಿಲ್ಲ. “ಏನಾದ್ರೂ ಬೇಕಾ?” ಎಂದು ಮತ್ತೆ ಕೇಳಿದರು.

“ಬ್ಯಾಡ್ರಿ. ನಡೀತೈತ್ರಿ.” ಪ್ರಜ್ವಲ ನೆಲ ನೋಡುತ್ತಿದ್ದ.

“ಇನ್ನೊಮ್ಮೆ” ಎಂದರು ಮಹಾನಂದಕ್ಕ.

ಅಧಿಕಾರಿ ಈ ಸಲ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ದನಿ ಇಳಿಸಿ, “ಹೇಳಿ ಪ್ರಜ್ವಲ್. ಪರವಾಗಿಲ್ಲ” ಎಂದರು.

ಪ್ರಜ್ವಲ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ತೋಳಿನಿಂದ ಮುಖ ಒರೆಸಿಕೊಂಡ. “ವಾರದಾಗ ಒಂದಿನ ಯಾರರ ಬಂದು ಇಕಿ ಹಂತ್ಯಾಕ ಕುಂತ್ರ… ನಾ ಒಂದಿಷ್ಟು ಮಲಗತಿದ್ದೆ ಸರ. ಮತ್ತ ನಂದು ಬಸ್ಸಿನ ಕೆಲಸ ಹೋಗಬಾರದು. ಯಾರರ ಏನ ಮಾಡ್ತೀ ಅಂದ್ರ, ಸುಮ್ನ ಅದೀನಿ ಅಂತ ಹೇಳಿ ಹೇಳಿ ಸಾಕಾಗೇತ್ರಿ.”

ಹೇಳಿದವನು ತನ್ನ ಮಾತಿಗೆ ತಾನೇ ಬೆರಗಾದವನಂತೆ ತಾಯಿಯ ಕಡೆ ನೋಡಿದ. ತನುಷ್ ಅದನ್ನು ಬರೆದುಕೊಂಡರು. ಊಟದ ಹೊತ್ತಾಗಿತ್ತು. ಅವರು ಬೇಡ ಅಂದರು, ಪ್ರಜ್ವಲ ತಾಟು ಹಾಕಿದ, ಅವರು ಉಂಡರು.

ಕಾನೂನು ಬರಲು ಮತ್ತೆ ಒಂದಷ್ಟು ಕಾಲ ಹಿಡಿಯಿತು. ಸರ್ಕಾರದ ಕೆಲಸ, ಗೊತ್ತೇ ಇದೆಯಲ್ಲ. ಅಂತೂ ಬಂತು. ಮನೆಯಲ್ಲಿ ಮುದುಕರನ್ನು, ರೋಗಿಗಳನ್ನು ನೋಡಿಕೊಳ್ಳುವವರ ಕೆಲಸವೂ ಕೆಲಸವೇ ಎಂದು ಸರ್ಕಾರ ಬರೆದು ಒಪ್ಪಿಕೊಂಡಿತು. ಅದಕ್ಕೆ ಉಪಚಾರ ವೇತನ ಎಂದು ಹೆಸರಿಟ್ಟರು. ಭಾರ ಎತ್ತಲು ಒತ್ತಾಸೆ, ವಾರಕ್ಕೊಮ್ಮೆ ಬದಲಿಗೆ ಬಂದು ಕೂರಲು ತರಬೇತಾದ ಒಬ್ಬರು, ಬಿಟ್ಟುಬಂದ ನೌಕರಿಗೆ ಕಾವಲು. ಪ್ರಜ್ವಲ ಅರ್ಧ ದಿನ ಬಸ್ಸು ಓಡಿಸಿದ, ಅರ್ಧ ದಿನ ಅವ್ವನ ಹತ್ತಿರ ಬೈಸಿಕೊಂಡ. ಕಾನೂನಿನ ಕೆಳಗೆ ಒಂದು ಸಣ್ಣ ನಿಯಮವನ್ನೂ ಸೇರಿಸಿದ್ದರು: ಮನೆಗೆ ಹೋದ ಅಧಿಕಾರಿ ನೋಡಿಕೊಳ್ಳುವವರನ್ನು ನಿಮಗೇನು ಬೇಕೆಂದು ಮೂರು ಸಲ ಕೇಳತಕ್ಕದ್ದು. ಬೇರೆ ಊರಿನ ಅಧಿಕಾರಿಗಳು ಇದು ಎಲ್ಲಿಂದ ಬಂತೆಂದು ಅರ್ಥವಾಗದೆ ನಕ್ಕರಂತೆ.

ಮಹಾನಂದಕ್ಕ ಮಾತ್ರ ಆರೈಕೆ ಕೇಂದ್ರದ ಮೆಟ್ಟಿಲು ಹತ್ತಲಿಲ್ಲ. ಕೊನೆಯ ತನಕ ರೊಟ್ಟಿ ವಾಸನೆಯ ಮನೆಯಲ್ಲೇ ಇದ್ದರು. ಅಪೇಕ್ಷಾ ಹುಬ್ಬಳ್ಳಿ ಕಡೆ ಬಂದಾಗಲೆಲ್ಲ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಹೀಗೇ ಕೂತಾಗ ಕೇಳಿದಳು.

“ಅಕ್ಕಾರ, ಅವತ್ತ ಆ ಸಾಹೇಬ್ರಿಗೆ ಇನ್ನೊಮ್ಮೆ ಕೇಳ್ರಿ ಅಂದ್ರಲ್ಲ, ಅದು ನಿಮಗ ಹೆಂಗ ಹೊಳೀತು?”

ಅಡುಗೆಮನೆಯಲ್ಲಿ ಪ್ರಜ್ವಲ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ನಮ್ಮತ್ತಿ ಹಾಸಿಗಿ ಹಿಡದಿದ್ಲವಾ” ಎಂದರು ಮಹಾನಂದಕ್ಕ. “ಎರಡು ಸಾವಿರದ ಇಪ್ಪತ್ತಾರನೇ ಇಸವಿ ಇರಬೇಕು. ಹೊರಗ ಖಾನಾವಳಿ, ಒಳಗ ಆಕಿ. ಇತ್ತಾಗ ರೊಟ್ಟಿ ಹಾಕಿ ಅತ್ತಾಗ ಆಕೀನ ತೊಳದು, ಕೈ ತೊಳಕೊಂಡ ಬಂದು ಮತ್ತ ರೊಟ್ಟಿ. ಒಳಗ ಏನ ಮಾಡ್ತೀ ಅಂತ ಯಾರ ಕೇಳಿದ್ರೂ ನಾನೂ ಸುಮ್ನ ಅದೀನಿ ಅಂತಿದ್ದೆ. ಒಂದಿನ ಬಾಜು ಮನಿಯಾಕಿ ಗೇಟಿನ ಹಂತ್ಯಾಕ ನಿಂತು, ‘ಏನರ ಬೇಕೇನ್ರಿ ಮಹಾನಂದಾ?’ ಅಂತ ಕೇಳಿದ್ಲು. ಒಳ್ಳೆಯಾಕಿನ, ಪಾಪ. ನಾ ‘ಏನೂ ಬ್ಯಾಡ್ರಿ’ ಅಂದೆ. ಹೌದೇನ್ರಿ ಅಂತ ಹೋದ್ಲು.”

ಅವರು ಎಡಗೈಯಿಂದ ಹೊದಿಕೆಯ ಅಂಚನ್ನು ಮೆಲ್ಲಗೆ ಸರಿಮಾಡಿಕೊಂಡರು.

“ಆಕಿ ಹೊಳ್ಳಿ ಬಂದು ಇನ್ನೊಮ್ಮೆ ಕೇಳ್ತಾಳೇನೋ ಅಂತ, ನಾ ಒಂದಿಷ್ಟೊತ್ತು ಬಾಗಲದಾಗ ನಿಂತಿದ್ದೆ.”